ಕೈವಾರ ಹಿಡಿದ ಚಿತ್ರಕಾರ ಹೊಕುಸಾಯಿ

ಬೋಧನಾಭ್ಯಾಸದ ಎರಡನೆಯ ವಾರ ಎಂಟನೆಯ ತರಗತಿಗೆ ಜೀವಕೋಶದ ಪಾಠ ಮಾಡಿದೆ. ವಿಷಯ ಸರಿಯಾಗಿತ್ತು, ಚಿತ್ರ ಕೆಟ್ಟಿತ್ತು. ನಾನು ಬರೆದ ಪ್ರಾಣಿಕೋಶವನ್ನು ಹಿಂದಿನ ಬೆಂಚಿನ ಹುಡುಗನೊಬ್ಬ ಆಲೂಗಡ್ಡೆ ಎಂದ. ಕಪ್ಪುಹಲಗೆಯ ಕೆಲಸ ಸುಧಾರಿಸಬೇಕು ಎಂಬ ಷರಾ ನನ್ನ ಪಾಠಯೋಜನೆಯ ಪುಸ್ತಕಕ್ಕೆ ಬಂತು. ನನ್ನ ಕೈಗೆ ಚಿತ್ರ ಹತ್ತುವುದಿಲ್ಲವೆಂದು ಹೈಸ್ಕೂಲಿನಿಂದಲೂ ನಂಬಿದವಳು ನಾನು. ಇನ್ನು ಮುಂದೆ ಅಂಗಡಿಯ ಚಾರ್ಟನ್ನೇ ತೂಗುಹಾಕಿಬಿಡುವುದೆಂದು ನಿರ್ಧರಿಸಿದ್ದೆ. ಅದೇ ವಾರ ರಸಾಯನಶಾಸ್ತ್ರದ ಪಾಠಕ್ಕಾಗಿ ಪ್ರಷ್ಯನ್ ನೀಲಿ ಎಂಬ ಕಬ್ಬಿಣದ ಸಂಯುಕ್ತದ ಬಗ್ಗೆ ಹುಡುಕುತ್ತಿದ್ದಾಗ ಜಪಾನಿನ ಹೊಕುಸಾಯಿ ಸಿಕ್ಕ.

ಹೊಕುಸಾಯಿ ಹುಟ್ಟಿದ್ದು 1760ರಲ್ಲಿ, ಎಡೊ ನಗರದಲ್ಲಿ. ಅದೇ ಇಂದಿನ ಟೋಕಿಯೊ. ಹದಿಹರೆಯದಲ್ಲಿ ಮರದ ಅಚ್ಚು ಕೊರೆಯುವ ಕೆಲಸ ಕಲಿತ. ಆಮೇಲೆ, ಸುಮಾರು ಹದಿನೆಂಟರ ವಯಸ್ಸಿನಲ್ಲಿ, ಕಾಬುಕಿ ನಟರ ಚಿತ್ರಗಳಿಗೆ ಹೆಸರಾಗಿದ್ದ ಕತ್ಸುಕಾವಾ ಶುನ್ಶೋನ ಶಿಷ್ಯನಾದ. ಮೊದಲು ಉಳಿ, ಆಮೇಲೆ ಕುಂಚ. ಈ ಕ್ರಮ ನನಗೆ ಮುಖ್ಯವೆನಿಸಿತು.

ಏಕೆಂದರೆ ಅಚ್ಚಿನ ಚಿತ್ರ ಒಬ್ಬನ ಕೆಲಸವಲ್ಲ. ಚಿತ್ರಕಾರ ತೆಳು ಕಾಗದದ ಮೇಲೆ ಬರೆದುಕೊಡುತ್ತಾನೆ. ಕೊರೆಯುವವನು ಆ ಕಾಗದವನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಗೆರೆಗಳನ್ನು ಉಳಿಸಿ ಮಿಕ್ಕ ಮರವನ್ನು ತೆಗೆಯುತ್ತಾನೆ. ಅಷ್ಟರಲ್ಲಿ ಮೂಲ ಚಿತ್ರ ಹಾಳಾಗಿಹೋಗಿರುತ್ತದೆ. ಬಣ್ಣಗಳಿಗೆ ಬೇರೆ ಬೇರೆ ಹಲಗೆ. ಎಲ್ಲವೂ ಒಂದೇ ಜಾಗಕ್ಕೆ ಕೂರಲೆಂದು ಹಲಗೆಯ ಅಂಚಿನಲ್ಲಿ ಗುರುತಿನ ಕಚ್ಚು. ಮುದ್ರಿಸುವವನು ಹಲಗೆಗೆ ಬಣ್ಣ ಬಳಿದು, ಕಾಗದ ಹಾಸಿ, ಬಿದಿರಿನ ಪೊರೆ ಸುತ್ತಿದ ದುಂಡು ಬಿಲ್ಲೆಯಿಂದ ಉಜ್ಜುತ್ತಾನೆ. ಹಣ ಹೂಡುವವನು ಪ್ರಕಾಶಕ. ಉಳಿ ಹಿಡಿದು ಗೊತ್ತಿದ್ದ ಹೊಕುಸಾಯಿ, ಕಣ್ಣು ಮೂಗುಗಳನ್ನು ಹೇಗೆ ಕೊರೆಯಬೇಕೆಂದು ಪ್ರಕಾಶಕರಿಗೆ ಕಾಗದ ಬರೆಯುತ್ತಿದ್ದ. ಕೊರೆಯುವವರಿಗೆ ಇದು ಎಷ್ಟು ಹಿಡಿಸುತ್ತಿತ್ತೋ!

ಒಂದೆಡೆ ನಿಲ್ಲುವ ಆಸಾಮಿಯಲ್ಲ. ಮೂವತ್ತಕ್ಕೂ ಹೆಚ್ಚು ಸಲ ಹೆಸರು ಬದಲಿಸಿದ, ತೊಂಬತ್ತಕ್ಕೂ ಹೆಚ್ಚು ಸಲ ಮನೆ ಬದಲಿಸಿದ ಎನ್ನುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಪ್ರಸಿದ್ಧ ಚಿತ್ರಗಳಲ್ಲ, ಪಾಠಪುಸ್ತಕಗಳು. 1812ರಲ್ಲಿ ಅವನು ಸುಲಭವಾಗಿ ಚಿತ್ರ ಕಲಿಸುವ ಪುಸ್ತಕವೊಂದನ್ನು ತಂದ. ಅದರಲ್ಲಿ ಪ್ರಾಣಿಗಳನ್ನೂ ಮನುಷ್ಯರನ್ನೂ ಕೈವಾರ, ಅಳತೆಪಟ್ಟಿಗಳಿಂದ ಕಟ್ಟಿ ತೋರಿಸುತ್ತಾನೆ. ವೃತ್ತಗಳೂ ಕಂಸಗಳೂ ಒಂದು ಕಡೆ, ಅವುಗಳಿಂದ ಮೂಡಿದ ಪೂರ್ಣ ಚಿತ್ರ ಇನ್ನೊಂದು ಕಡೆ. ನಮ್ಮ ರೇಖಾಗಣಿತದ ರಚನೆಯ ಹಂತಗಳಂತೆಯೇ ಇದೆ. 1814ರಿಂದ ಮಾಂಗಾ ಎಂಬ ಹೆಸರಿನ ಸಂಪುಟಗಳು ಶುರುವಾದವು. ಈಗಿನ ಕಾಮಿಕ್ಸ್ ಅಲ್ಲ. ಶಿಷ್ಯರು ನೋಡಿ ಬರೆಯಲೆಂದು ಹಾಕಿಕೊಟ್ಟ ಸಾವಿರಾರು ಮಾದರಿಗಳು. ಮೀನು, ಹುಲ್ಲು, ಕುಸ್ತಿಪಟು, ಗಾಳಿಗೆ ಸಿಕ್ಕ ದಾರಿಹೋಕ ಎಲ್ಲರೂ ಅಲ್ಲಿದ್ದಾರೆ.

ನಾನು ಹಲಗೆಯ ದೊಡ್ಡ ಕೈವಾರ ತೆಗೆದುಕೊಂಡು, ಇನ್ನೊಂದು ವಿಭಾಗಕ್ಕೆ ಅದೇ ಜೀವಕೋಶವನ್ನು ಮತ್ತೆ ಬರೆದೆ. ಮೊದಲು ವೃತ್ತ, ಒಳಗೆ ಕೋಶಕೇಂದ್ರಕ್ಕೆ ಇನ್ನೊಂದು ವೃತ್ತ, ಮಿಕ್ಕದ್ದು ಕಂಸಗಳು. ಮಕ್ಕಳೂ ನನ್ನ ಜೊತೆಜೊತೆಗೇ ಬರೆದರು. ಆಲೂಗಡ್ಡೆ ಎಂದು ಯಾರೂ ಹೇಳಲಿಲ್ಲ. ಮೈಟೊಕಾಂಡ್ರಿಯವನ್ನು ಮಾತ್ರ ಕಡಲೆಕಾಯಿ ಎಂದರು, ಅದನ್ನು ಒಪ್ಪಿಕೊಂಡೆ.

ಇನ್ನು ಆ ನೀಲಿಯ ವಿಷಯ. ಜಪಾನಿನಲ್ಲಿ ಮೊದಲು ಬಳಸುತ್ತಿದ್ದ ಹೂವಿನ ನೀಲಿ ಬೇಗ ಮಾಸುತ್ತಿತ್ತು. ಬರ್ಲಿನ್‌ನಲ್ಲಿ ಆಕಸ್ಮಿಕವಾಗಿ ತಯಾರಾದ ಪ್ರಷ್ಯನ್ ನೀಲಿ ಹಡಗಿನಲ್ಲಿ ನಾಗಸಾಕಿಗೆ ಬಂತು. 1830ರ ಸುಮಾರಿನಲ್ಲಿ ಹೊಕುಸಾಯಿ ಅದನ್ನು ಹಿಡಿದು ಫ್ಯೂಜಿ ಪರ್ವತದ ಮೂವತ್ತಾರು ನೋಟಗಳನ್ನು ಆರಂಭಿಸಿದ. ಬೇಡಿಕೆ ಬಂದು ಇನ್ನೂ ಹತ್ತು ಸೇರಿ 46 ಆದವು. ಲೋಕವೆಲ್ಲ ಬಲ್ಲ ದೊಡ್ಡ ಅಲೆ ಈ ಸರಣಿಯದೇ: ಉಗುರು ಚಾಚಿದಂತೆ ನೊರೆ, ಕೆಳಗೆ ಮೂರು ದೋಣಿ, ದೂರದಲ್ಲಿ ಅಲೆಗಿಂತ ಚಿಕ್ಕದಾಗಿ ಕಾಣುವ ಫ್ಯೂಜಿ. ಆಗ ಅವನಿಗೆ ಎಪ್ಪತ್ತರ ಆಸುಪಾಸು. ಅದಕ್ಕೂ ಸ್ವಲ್ಪ ಮೊದಲು ಹೆಂಡತಿ ತೀರಿಕೊಂಡಿದ್ದಳು. ಮೊಮ್ಮಗನ ಜೂಜಿನ ಸಾಲ ಅಜ್ಜನ ಹೆಗಲಿಗೇ ಬಂದಿತ್ತು.

1834ರಲ್ಲಿ ಫ್ಯೂಜಿಯ ನೂರು ನೋಟಗಳ ಪುಸ್ತಕಕ್ಕೆ ಬರೆದ ಹಿನ್ನುಡಿಯಲ್ಲಿ, ಎಪ್ಪತ್ತಕ್ಕೆ ಮುಂಚೆ ತಾನು ಬರೆದದ್ದರಲ್ಲಿ ಗಮನಿಸಬೇಕಾದ್ದೇನೂ ಇಲ್ಲ, ನೂರಹತ್ತಕ್ಕೆ ಪ್ರತಿ ಚುಕ್ಕೆ, ಪ್ರತಿ ಗೆರೆ ಜೀವ ತಳೆಯುತ್ತದೆ ಎಂಬ ಅರ್ಥದ ಮಾತು ಹೇಳಿದ್ದಾನೆ. ಪ್ರಶಿಕ್ಷಣಾರ್ಥಿಯಾಗಿ ಇದನ್ನು ಓದಿ ನಗುವೂ ಬಂತು, ನಾಚಿಕೆಯೂ ಆಯಿತು. ಒಂದು ಪಾಠಕ್ಕೇ ನಾನು ಕೈಬಿಟ್ಟಿದ್ದೆನಲ್ಲ!

1839ರ ಬೆಂಕಿಯಲ್ಲಿ ಅವನ ಎಷ್ಟೋ ಚಿತ್ರಗಳು ಸುಟ್ಟುಹೋದವು. ಕೊನೆಯ ವರ್ಷಗಳಲ್ಲಿ ಜೊತೆಗಿದ್ದವಳು ಮಗಳು ಓಯಿ, ಅವಳೂ ಸಮರ್ಥ ಚಿತ್ರಗಾರ್ತಿ. ಅಪ್ಪನ ಕೆಲಸಗಳಲ್ಲಿ ಅವಳ ಕೈ ಎಷ್ಟಿದೆ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. 1849ರಲ್ಲಿ ಹೊಕುಸಾಯಿ ತೀರಿಕೊಂಡ. ಕಲಿಯುವವರಿಗೆಂದು ಶುರು ಮಾಡಿದ ಮಾಂಗಾದ ಹದಿನೈದನೆಯ, ಕೊನೆಯ ಸಂಪುಟ ಹೊರಬಂದದ್ದು 1878ರಲ್ಲಿ.