ನೋಡುವ ಮೊದಲೇ ಬಿಡಿಸಿದ ಚಿತ್ರ

ನಮ್ಮ ಪಿ.ಜಿ.ಗೆ ಮಣಿಪುರದ ಹುಡುಗನೊಬ್ಬ ಬಂದಾಗ, ಮೊದಲ ದಿನವೇ ನಾನು ಅವನ ಊರಲ್ಲಿ ಬರೀ ಕಾಡೇ ಇರೋದಾ ಎಂದು ಕೇಳಿಬಿಟ್ಟಿದ್ದೆ. ಅವನು ಏನೂ ಹೇಳಲಿಲ್ಲ. ಮುಖ ಮಾತ್ರ ಸಪ್ಪಗಾಯಿತು. ಆಮೇಲೆ ಎರಡು ವಾರ ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ.

ಅದೇ ದಿನಗಳಲ್ಲಿ ಗ್ರಂಥಾಲಯದಲ್ಲಿ ಪರೀಕ್ಷೆಗೆ ಓದುತ್ತಾ ಬೇಸರವಾಗಿ ಕಲೆಯ ಇತಿಹಾಸದ ಪುಸ್ತಕವೊಂದನ್ನು ತಿರುವಿ ಹಾಕಿದೆ. ಅದರಲ್ಲಿ ಸಿಕ್ಕವನು ಫ್ರಾನ್ಸಿನ ಚಿತ್ರಕಾರ ಯೂಜಿನ್ ಡೆಲಕ್ರೋವಾ. ಅವನ ಬದುಕು ಓದುತ್ತಾ ಹೋದಂತೆ ನನ್ನ ತಪ್ಪೇ ಕಣ್ಣ ಮುಂದೆ ಬಂತು.

ಡೆಲಕ್ರೋವಾ ಹುಟ್ಟಿದ್ದು 1798ರಲ್ಲಿ, ಪ್ಯಾರಿಸ್ ಬಳಿ. ಏಳನೇ ವಯಸ್ಸಿಗೆ ತಂದೆ, ಹದಿನಾರಕ್ಕೆ ತಾಯಿ ತೀರಿಕೊಂಡರು. ಮನೆಯ ಆಸ್ತಿಯೂ ಕರಗಿತು. ಚಿತ್ರಕಲೆಯೇ ಅವನಿಗೆ ಉಳಿದ ದಾರಿ. ಆಗ ಯುರೋಪಿನಲ್ಲಿ ರೊಮ್ಯಾಂಟಿಕ್ ಪಂಥದ ಕಾಲ. ನಿಯಮಕ್ಕಿಂತ ಭಾವ ದೊಡ್ಡದು, ಕಲಾವಿದನ ಒಳಗಣ್ಣು ಕಂಡದ್ದೇ ಸತ್ಯ ಎಂಬ ನಂಬಿಕೆ. ಆ ಒಳಗಣ್ಣಿಗೆ ಪೂರ್ವದ ದೇಶಗಳೆಂದರೆ ಬಲು ಮೋಹ.

1827ರಲ್ಲಿ ಅವನು ಅಸಿರಿಯಾದ ದೊರೆ ಸಾರ್ಡನಪಲಸ್‌ನ ಸಾವನ್ನು ದೊಡ್ಡ ಕ್ಯಾನ್ವಾಸಿನ ಮೇಲೆ ಬಿಡಿಸಿದ. ದೊರೆ ಮಂಚದ ಮೇಲೆ ಒರಗಿದ್ದಾನೆ. ಸುತ್ತಲೂ ಅವನ ಹೆಂಗಸರನ್ನು, ಕುದುರೆಗಳನ್ನು ಕೊಲ್ಲುತ್ತಿದ್ದಾರೆ. ಬೈರನ್ನನ ನಾಟಕ ಇದಕ್ಕೆ ಪ್ರೇರಣೆ. ಆದರೆ ಆ ನಾಟಕದಲ್ಲಿ ಇಂಥ ಕೊಲೆಯ ದೃಶ್ಯವೇ ಇಲ್ಲ! ಪೂರ್ವದ ನೆಲಕ್ಕೆ ಕಾಲಿಡದ ಯುವಕ ತನ್ನ ತಲೆಯಲ್ಲಿದ್ದ ಕಾಮ, ಕ್ರೌರ್ಯಗಳನ್ನೆಲ್ಲ ಪೂರ್ವದ ಹೆಸರಲ್ಲಿ ಬಿಡಿಸಿದ್ದ. ವಿಮರ್ಶಕರು ಹಿಗ್ಗಾಮುಗ್ಗಾ ಬೈದರು. ಕೆಲಕಾಲ ಸರ್ಕಾರದ ಕೆಲಸವೂ ಸಿಗಲಿಲ್ಲ.

1832ರಲ್ಲಿ ಅದೃಷ್ಟ ಬದಲಾಯಿತು. ಫ್ರಾನ್ಸ್ ಎರಡು ವರ್ಷದ ಹಿಂದಷ್ಟೇ ಅಲ್ಜೀರ್ಸ್ ನಗರವನ್ನು ವಶಪಡಿಸಿಕೊಂಡಿತ್ತು. ಪಕ್ಕದ ಮೊರಾಕ್ಕೋದ ಸುಲ್ತಾನನ ಜೊತೆ ಮಾತುಕತೆಗೆ ಹೊರಟ ರಾಜತಾಂತ್ರಿಕ ತಂಡದ ಜೊತೆ ಡೆಲಕ್ರೋವಾನೂ ಹೋದ. ಟ್ಯಾಂಜಿಯರ್, ಮೆಕ್ನೆಸ್ ಎಂದು ಸುಮಾರು ಆರು ತಿಂಗಳ ಪ್ರವಾಸ. ಬೀದಿ, ಬಾಗಿಲು, ಬಟ್ಟೆ, ಕುದುರೆ ಎಲ್ಲವನ್ನೂ ಪುಸ್ತಕಗಳಲ್ಲಿ ಗೀಚಿಕೊಂಡ. ಯಾವ ಬಣ್ಣ ಎಲ್ಲಿ ಎಂದು ಪಕ್ಕದಲ್ಲೇ ಬರೆದುಕೊಂಡ. ಟ್ಯಾಂಜಿಯರ್‌ನ ಯಹೂದಿ ಕುಟುಂಬದ ಮದುವೆಗೂ ಹೋಗಿ ಬಂದ. ಮರಳುವಾಗ ಅಲ್ಜೀರ್ಸ್‌ನಲ್ಲಿ ಕೆಲವು ದಿನ ಉಳಿದ.

1834ರಲ್ಲಿ ಬಂದ ಅವನ ಅಲ್ಜೀರ್ಸ್‌ನ ಹೆಂಗಸರ ಚಿತ್ರ ಈಗ ಲೂವ್ರ್ ಸಂಗ್ರಹಾಲಯದಲ್ಲಿದೆ. ಅದರಲ್ಲಿ ರಕ್ತವಿಲ್ಲ, ಕೂಗಾಟವಿಲ್ಲ. ಹುಕ್ಕಾದ ಸುತ್ತ ಕುಳಿತ ಮೂವರು, ಹೊರಟು ನಿಂತ ಸೇವಕಿ, ಬೆಳಕು, ಅಷ್ಟೇ. ಕಣ್ಣಾರೆ ಕಂಡದ್ದು ಅವನ ಕುಂಚವನ್ನು ತಣ್ಣಗಾಗಿಸಿತ್ತು.

ಹಾಗಂತ ಅವನು ಪೂರ್ತಿ ಬದಲಾದನೇ? ಇಲ್ಲ. ಬಿಳಿ ನಿಲುವಂಗಿ ತೊಟ್ಟ ಮೊರಾಕ್ಕೋದ ಜನರಲ್ಲಿ ಅವನಿಗೆ ಕಂಡದ್ದು ಪುಸ್ತಕದಲ್ಲಿ ಓದಿದ್ದ ಪ್ರಾಚೀನ ರೋಮನ್ನರು. ಆ ಹೆಂಗಸರ ಊರನ್ನು ಹಿಡಿದಿದ್ದ ಫ್ರೆಂಚ್ ಸೈನ್ಯ ಆ ಚಿತ್ರದಲ್ಲಿ ಎಲ್ಲೂ ಇಲ್ಲ. ಕಲಾ ಅಕಾಡೆಮಿ ಏಳು ಬಾರಿ ಬಾಗಿಲು ಮುಚ್ಚಿ 1857ರಲ್ಲಿ ಅವನನ್ನು ಒಳಗೆ ಬಿಟ್ಟುಕೊಂಡಿತು. 1863ರಲ್ಲಿ ಸಾಯುವ ಹೊತ್ತಿಗೂ ಅವನು ಆ ಆರು ತಿಂಗಳ ನೆನಪನ್ನೇ ಬಿಡಿಸುತ್ತಿದ್ದ. ಹೋಗಿ ನೋಡಿದರೂ ನಮ್ಮ ಕಣ್ಣು ನಮ್ಮದೇ, ನಿಜ. ಆದರೆ ಹೋಗದೆ ಬಿಡಿಸಿದ್ದಕ್ಕೂ ಹೋಗಿ ಬಿಡಿಸಿದ್ದಕ್ಕೂ ಇರುವ ಅಂತರ ಸಣ್ಣದಲ್ಲ.

ಆ ರಾತ್ರಿ ರೂಮಿಗೆ ಬಂದು ರೂಮ್‌ಮೇಟ್‌ಗೆ ಕ್ಷಮೆ ಕೇಳಿದೆ. ಅವನ ಊರಿನ ಬಗ್ಗೆ ಹೇಳು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮೊಬೈಲ್ ತೆಗೆದ. ಇಂಫಾಲದ ಇಮಾ ಮಾರುಕಟ್ಟೆಯ ಫೋಟೊಗಳು. ಮೀನು, ಸೊಪ್ಪು, ಬಟ್ಟೆಯ ಅಂಗಡಿಗಳಲ್ಲೆಲ್ಲ ಕುಳಿತವರು ಹೆಂಗಸರೇ. ನಾನು ಬಿಡಿಸಿಟ್ಟುಕೊಂಡಿದ್ದ ಕಾಡು ಅದರಲ್ಲಿ ಎಲ್ಲೂ ಇರಲಿಲ್ಲ.