ಭಕ್ತಕವಿ ನಾರಾಯಣ ವಾಮನ ಟಿಳಕರು



ನಮ್ಮ ಭೋಜ ಗ್ರಾಮವು ದೂಧಗಂಗಾ ವೇದಗಂಗಾ ನದಿಗಳ ಸೀಮೆಯಲ್ಲಿ, ಕನ್ನಡ ಮರಾಠಿಗಳೆರಡೂ ಒಂದೇ ಅಂಗಳದಲ್ಲಿ ಆಡುವ ಸ್ಥಳದಲ್ಲಿ ಇರುವದು. ಇಲ್ಲಿಯ ಮನೆಗಳಲ್ಲಿ ತಾಯಿಯು ಕನ್ನಡದಲ್ಲಿ ಜೋಗುಳ ಹಾಡಿದರೆ ಅಜ್ಜಿಯು ಬೀಸುಕಲ್ಲಿನ ಮುಂದೆ ಮರಾಠಿ ಓವಿಯನ್ನು ಹೇಳುವದುಂಟು. ಆಷಾಢಮಾಸ ಬಂದಿತೆಂದರೆ ಪಂಢರಪುರಕ್ಕೆ ಹೊರಟ ವಾರಕರಿಗಳ ತಾಳ ಮೃದಂಗಗಳ ಧ್ವನಿಯು ಈ ಸೀಮೆಯ ದಾರಿಗಳಲ್ಲಿ ಕೇಳುವದು. ಇಂಥ ನಾಡಿನಲ್ಲಿ ಬೆಳೆದ ಕ್ರೈಸ್ತ ಕುಟುಂಬಗಳು ಕನ್ನಡ ಕೀರ್ತನೆಗಳ ಜೊತೆಯಲ್ಲಿ ಮರಾಠಿ ಭಜನೆಗಳನ್ನೂ ಹಾಡುತ್ತ ಬಂದಿರುವದು ಸಹಜವೇ. ಆ ಭಜನೆಗಳಲ್ಲಿ ಅತ್ಯಂತ ಪ್ರಿಯವಾದ ಅನೇಕವು ಒಬ್ಬನೇ ಕವಿಯ ಹೃದಯದಿಂದ ಹೊರಟವು. ಹಾಡುವವರಲ್ಲಿ ಎಷ್ಟೋ ಜನರಿಗೆ ಅವರ ಹೆಸರು ತಿಳಿಯದು. ಹಾಡು ಮಾತ್ರ ಕಂಠಪಾಠವಾಗಿರುವದು.

ಈ ಚರಿತ್ರೆಯನ್ನು ಬರೆಯಲು ಒಂದು ಕಾರಣವುಂಟು. ನಮ್ಮ ಮೇಲಿನ ತರಗತಿಯ ಕೆಲವು ಹುಡುಗಿಯರು ವಾರ್ಷಿಕೋತ್ಸವದಲ್ಲಿ ಗಿಟಾರು ಡ್ರಮ್ಮುಗಳೊಡನೆ ಭಕ್ತಿಗೀತೆಗಳನ್ನು ಹಾಡಲು ಅಪ್ಪಣೆ ಬೇಡಿದರು. ಅಂಥ ವಾದ್ಯಗಳು ಆರಾಧನೆಗೆ ತಕ್ಕವಲ್ಲವೆಂದು ಕೆಲವರು ಪಾಲಕರು ನಮಗೆ ತಿಳಿಸಿದರು. ಎರಡೂ ಪಕ್ಷದವರು ನಮ್ಮವರೇ ಆದದ್ದರಿಂದ ನಾವು ಕೂಡಲೆ ಉತ್ತರ ಕೊಡಲಾರದೆ ಹೋದೆವು. ಆ ದಿನಗಳಲ್ಲಿ ಟಿಳಕರ ಜೀವಿತವನ್ನು ಮತ್ತೊಮ್ಮೆ ಓದಿದೆವು. ಅದರಿಂದ ನಮಗುಂಟಾದ ಬೆಳಕನ್ನು ನಿಮ್ಮ ಮುಂದಿಡುತ್ತೇವೆ.

ನಾರಾಯಣ ವಾಮನ ಟಿಳಕರು 1861ನೆಯ ಇಸವಿಯ ಡಿಸೆಂಬರ 6ರಂದು ಕೊಂಕಣದ ರತ್ನಾಗಿರಿ ಜಿಲ್ಲೆಯ ಕರಜಗಾವದಲ್ಲಿ ಹುಟ್ಟಿದರು. ಲೋಕಮಾನ್ಯ ಬಾಳ ಗಂಗಾಧರ ಟಿಳಕರೂ ಅದೇ ಜಿಲ್ಲೆಯಲ್ಲಿ, ಅದೇ ಚಿತ್ಪಾವನ ಬ್ರಾಹ್ಮಣ ಸಮಾಜದಲ್ಲಿ ಹುಟ್ಟಿದವರಾದರೂ ಇವರು ಬೇರೆ, ಅವರು ಬೇರೆ. ತಂದೆ ವಾಮನರಾಯರು ಕಠಿಣ ಸ್ವಭಾವದವರು. ತಾಯಿ ಜಾನಕೀಬಾಯಿಯವರು ಮೃದುಹೃದಯರು, ಪದಗಳಲ್ಲಿ ಪ್ರೀತಿಯುಳ್ಳವರು. ಮಗನಿಗೆ ಕಾವ್ಯದ ರುಚಿ ಹತ್ತಿದ್ದು ತಾಯಿಯಿಂದಲೇ. ಆ ತಾಯಿಯು ಬಾಲ್ಯದಲ್ಲಿಯೇ ತೀರಿಕೊಳ್ಳಲು ಹುಡುಗನು ಮನೆಯನ್ನು ಬಿಟ್ಟು ನಾಸಿಕಕ್ಕೆ ಹೋದನು. ಅಲ್ಲಿ ಗಣೇಶಶಾಸ್ತ್ರಿ ಲೇಲೆ ಎಂಬ ವಿದ್ವಾಂಸರು ಅವನಿಗೆ ಸಂಸ್ಕೃತವನ್ನು ಕಲಿಸಿದರು. ಇಂಗ್ಲಿಷ ವಿದ್ಯೆಯು ಸ್ವಲ್ಪವೇ ದೊರೆಯಿತು.

1880ರ ಸುಮಾರಿಗೆ ಅವರ ವಿವಾಹವು ನಾಸಿಕದ ಸಮೀಪದ ಗೋಖಲೆ ಮನೆತನದ ಕನ್ಯೆಯೊಡನೆ ನಡೆಯಿತು. ವಧುವಿಗೆ ಆಗ ಹನ್ನೊಂದು ಹನ್ನೆರಡು ವರುಷ, ಅಕ್ಷರ ಪರಿಚಯವಿರಲಿಲ್ಲ. ಈಕೆಯೇ ಮುಂದೆ ಮರಾಠಿ ಸಾಹಿತ್ಯದಲ್ಲಿ ಅಮರರಾದ ಲಕ್ಷ್ಮೀಬಾಯಿ ಟಿಳಕರು. ಗಂಡನು ಒಂದು ಊರಿನಲ್ಲಿ ನಿಲ್ಲುವವರಲ್ಲ. ಕೆಲವು ದಿನ ಶಿಕ್ಷಕ, ಕೆಲವು ದಿನ ಪುರಾಣಿಕ, ಕೆಲವು ದಿನ ಮುದ್ರಣಾಲಯದ ಕೆಲಸಗಾರ. ಕೋಪವು ಬೇಗನೆ ಬರುವದು, ಬೇಗನೆ ಇಳಿಯುವದು. ಮನೆಯ ಸಾಮಾನಿಗೆಂದು ಕೊಟ್ಟ ಹಣವು ದಾರಿಯಲ್ಲಿ ಬೇರೆ ಯಾವದಕ್ಕೋ ವೆಚ್ಚವಾಗಿ ಹೋಗುವದು. ಇದನ್ನು ನಾವು ಮುಚ್ಚಿಡುವದಿಲ್ಲ. ಅವರ ಪತ್ನಿಯೇ ಮುಚ್ಚಿಡಲಿಲ್ಲ. ಆದರೆ ಆ ಗಂಡನೇ ಹೆಂಡತಿಗೆ ಓದುಬರಹವನ್ನು ಕಲಿಸಿದನೆಂಬದನ್ನೂ ಆಕೆ ಮರೆಯಲಿಲ್ಲ.

ಮುಂದೆ ನಾಗಪುರದಲ್ಲಿ ಅಪ್ಪಾಸಾಹೇಬ ಬೂಟಿಯೆಂಬ ಶ್ರೀಮಂತರ ಆಶ್ರಯದಲ್ಲಿ ಅವರು ಸಂಸ್ಕೃತ ಗ್ರಂಥಗಳ ಕೆಲಸವನ್ನು ಮಾಡುತ್ತಿದ್ದರು. ಜಾತಿಭೇದವೂ ಮೂರ್ತಿಪೂಜೆಯೂ ಅವರ ಮನಸ್ಸನ್ನು ಕಲಕಿದ್ದವು. ದೇಶಕ್ಕೆ ಹೊಸದೊಂದು ಧರ್ಮ ಬೇಕೆಂಬ ಆಲೋಚನೆ ಅವರಲ್ಲಿತ್ತು. 1893ರಲ್ಲಿ ರಾಜನಾಂದಗಾವಕ್ಕೆ ಹೋಗುವ ಉಗಿಬಂಡಿಯಲ್ಲಿ ಒಬ್ಬ ಐರೋಪ್ಯ ಸಹಪ್ರಯಾಣಿಕರು ಅವರೊಡನೆ ಕಾವ್ಯದ ವಿಷಯವಾಗಿ ಸಂಭಾಷಿಸಿ, ಹೊಸ ಒಡಂಬಡಿಕೆಯ ಒಂದು ಪ್ರತಿಯನ್ನು ಕೊಟ್ಟು, ಇದನ್ನು ಓದಿದರೆ ಎರಡು ವರುಷಗಳೊಳಗೆ ನೀವು ಕ್ರೈಸ್ತರಾಗುವಿರೆಂದು ತಿಳಿಸಿದರು. ಟಿಳಕರಿಗೆ ಆ ಮಾತಿನಲ್ಲಿ ನಂಬಿಕೆ ಹುಟ್ಟಲಿಲ್ಲ. ಆದರೂ ಓದಿದರು. ಪರ್ವತ ಪ್ರಸಂಗಕ್ಕೆ ಬಂದಾಗ ಪುಸ್ತಕವನ್ನು ಕೆಳಗಿಡಲಾರದೆ ಹೋದರು. 1895ರ ಫೆಬ್ರುವರಿ 10ರಂದು ಮುಂಬಯಿಯಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು.

ಆ ದಿನದಿಂದ ಅವರ ಮನೆಯು ಎರಡಾಯಿತು. ಲಕ್ಷ್ಮೀಬಾಯಿಯವರು ಚಿಕ್ಕ ಮಗನೊಡನೆ ಬಂಧುಗಳ ಆಶ್ರಯದಲ್ಲಿ ಉಳಿದರು. ಪತಿಯು ಜೀವಂತನಿದ್ದೂ ಇಲ್ಲದಂತಾದ ಆ ಸ್ಥಿತಿಯಲ್ಲಿ ಸುಮಾರು ನಾಲ್ಕುವರೆ ವರುಷಗಳು ಕಳೆದವು. ಟಿಳಕರು ಅಹಮದನಗರದಲ್ಲಿ, ಎಂದರೆ ಈಗ ಅಹಿಲ್ಯಾನಗರವೆಂದು ಹೆಸರಾಗಿರುವ ಊರಿನಲ್ಲಿ, ಅಮೇರಿಕನ್ ಮರಾಠಿ ಮಿಶನ್ನಿನವರ ಬಳಿ ಪಾಠ ಹೇಳುತ್ತ ಒಂಟಿಯಾಗಿದ್ದರು. ಕೊನೆಗೆ ಲಕ್ಷ್ಮೀಬಾಯಿಯವರು ಪತಿಯ ಬಳಿಗೆ ಬಂದರು. ಆದರೆ ತಮ್ಮ ಆಚಾರವನ್ನು ಬಿಡಲಿಲ್ಲ, ಅಡಿಗೆಯನ್ನು ಬೇರೆಯೇ ಮಾಡಿಕೊಂಡರು. ಪತಿಯು ಬಲವಂತ ಮಾಡಲಿಲ್ಲ. ಜಾತಿಯೆಂಬದು ದೇವರು ಮಾಡಿದ್ದಲ್ಲ, ಮನುಷ್ಯರು ಮಾಡಿದ್ದೆಂದು ಆಕೆ ತಾನೇ ವಿಚಾರಿಸಿ ನಿಶ್ಚಯಿಸಿದ ಮೇಲೆ, 1900ರಲ್ಲಿ ದೀಕ್ಷಾಸ್ನಾನವನ್ನು ಪಡೆದರು. ವಿದ್ಯಾರ್ಥಿನಿಯರೇ, ಈ ಸಂಗತಿಯನ್ನು ನೀವು ಗಮನಿಸಬೇಕು. ಆಕೆಯ ವಿಶ್ವಾಸವು ಗಂಡನ ಸಾಲವಾಗಿರಲಿಲ್ಲ.

1904ರಲ್ಲಿ ಟಿಳಕರಿಗೆ ಸಭಾಪಾಲಕ ದೀಕ್ಷೆಯಾಯಿತು. 1912ರಿಂದ ಜ್ಞಾನೋದಯ ಪತ್ರಿಕೆಯ ಮರಾಠಿ ಭಾಗದ ಸಂಪಾದಕತ್ವವೂ ಬಂದಿತು. ಹೂವುಗಳ ಮೇಲೆಯೂ ಮಕ್ಕಳ ಮೇಲೆಯೂ ಅವರು ಬರೆದ ಕವಿತೆಗಳಿಂದ ಮಹಾರಾಷ್ಟ್ರವೆಲ್ಲ ಅವರನ್ನು ಹೂಮಕ್ಕಳ ಕವಿಯೆಂದು ಕರೆಯಿತು. ಬಾಲಕವಿಯೆಂದು ಪ್ರಸಿದ್ಧನಾಗಿ 1918ರಲ್ಲಿ ಎಳೆಯ ವಯಸ್ಸಿನಲ್ಲಿಯೇ ಮಡಿದ ತ್ರ್ಯಂಬಕ ಬಾಪೂಜಿ ಠೋಂಬರೆಯನ್ನು ಅವರು ಮನೆಯಲ್ಲಿಟ್ಟುಕೊಂಡು ಮಗನಂತೆ ಸಾಕಿದರು. ಆ ಹುಡುಗನ ಧರ್ಮವು ಅವನದಾಗಿಯೇ ಉಳಿಯಿತು.

ಈಗ ಅವರ ಭಜನೆಗಳ ವಿಷಯಕ್ಕೆ ಬರುವೆವು. ಆ ಕಾಲದ ಸಭೆಗಳಲ್ಲಿ ಇಂಗ್ಲಿಷ ಕೀರ್ತನೆಗಳನ್ನು ಭಾಷಾಂತರಿಸಿ ಇಂಗ್ಲಿಷ ಧಾಟಿಯಲ್ಲಿಯೇ ಹಾಡುವ ಪದ್ಧತಿಯು ಬಹಳವಾಗಿತ್ತು. ಆ ಧಾಟಿಗಳು ಶಬ್ದದ ಒತ್ತಿನ ಮೇಲೆ ನಡೆಯುವಂಥವು. ನಮ್ಮ ಭಾಷೆಗಳೋ ಹ್ರಸ್ವ ದೀರ್ಘಗಳ ಮೇಲೆ ನಡೆಯುವಂಥವು. ಆದಕಾರಣ ಹಾಡುವಾಗ ಹ್ರಸ್ವವು ದೀರ್ಘವಾಗಿ, ದೀರ್ಘವು ಮುರಿದು, ಹಳ್ಳಿಯವರಿಗೆ ಅರ್ಥವೇ ಆಗದೆ ಹೋಗುವದು. ನಮ್ಮ ದೇಶದ ಧಾಟಿಯಲ್ಲಿ ಹಾಡುವ ಪ್ರಯತ್ನವು ಟಿಳಕರಿಗಿಂತ ಮೊದಲೇ ನಡೆದಿತ್ತೆಂಬದು ನಿಜ. ಕನ್ನಡದಲ್ಲಿ ಫೆರ್ಡಿನಾಂಡ ಕಿಟ್ಟೆಲರು 1862ರಲ್ಲಿಯೇ ಕಥಾಮಾಲೆಯೆಂಬ ಗ್ರಂಥದಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ದೇಶದ ಗೇಯರೀತಿಯಲ್ಲಿ ರಚಿಸಿದ್ದರು. ಆದರೆ ಮರಾಠಿ ಸಭೆಗೆ ತನ್ನದೇ ಕಂಠವು ಪೂರ್ಣವಾಗಿ ದೊರೆತದ್ದು ಟಿಳಕರಿಂದ.

ಅವರು ಜ್ಞಾನೇಶ್ವರ, ತುಕಾರಾಮರ ಅಭಂಗಗಳನ್ನು ಬಿಟ್ಟುಕೊಡಲಿಲ್ಲ. ತುಕಾರಾಮನೆಂಬ ಸೇತುವೆಯನ್ನು ದಾಟಿಯೇ ತಾವು ಕ್ರಿಸ್ತನ ಪಾದಕ್ಕೆ ಬಂದೆವೆಂಬದು ಅವರ ಭಾವನೆಯಾಗಿತ್ತು. ಅಭಂಗವು ಚಿಕ್ಕ ಚಿಕ್ಕ ಚರಣಗಳದು. ಪುಸ್ತಕವಿಲ್ಲದವನೂ ಪಲ್ಲವಿಯನ್ನು ಎರಡು ಸಾರಿ ಕೇಳಿ ಮೂರನೆಯ ಸಾರಿ ದನಿಗೂಡಿಸಬಲ್ಲನು. ಒಂದು ಜೋಡಿ ತಾಳವಿದ್ದರೆ ಸಾಕು. ವಾರಕರಿಗಳು ವಿಠೋಬನನ್ನು ತಾಯಿಯೆಂದು ಕರೆಯುವಂತೆ ಟಿಳಕರು ಕ್ರಿಸ್ತನನ್ನು ತಾಯಿಯೆಂದೂ ಗುರುವೆಂದೂ ಕರೆದರು. ಚಿಕ್ಕಂದಿನಲ್ಲಿ ತಾಯಿಯನ್ನು ಕಳೆದುಕೊಂಡವರು ಆ ಮಾತನ್ನು ಬರೇ ಅಲಂಕಾರಕ್ಕಾಗಿ ಹಾಡಿರಲಾರರು. ಇದಲ್ಲದೆ ಹರಿದಾಸರಂತೆ ನಿಂತು ಕಥೆ ಹೇಳುತ್ತ ನಡುನಡುವೆ ಪದ ಹಾಡುವ ಕೀರ್ತನಪದ್ಧತಿಯನ್ನೂ ಕ್ರಿಸ್ತಚರಿತ್ರೆಗಾಗಿ ಬಳಸಿ ಜನಪ್ರಿಯ ಮಾಡಿದರು. ಅವರು ರಚಿಸಿದ ಭಜನೆಗಳು ನೂರಕ್ಕೂ ಮಿಕ್ಕಿರುವವು. ಉಪಾಸನಾ ಸಂಗೀತವೆಂಬ ಮರಾಠಿ ಸಭೆಯ ಹಾಡಿನ ಪುಸ್ತಕದಲ್ಲಿ ಅವು ಸೇರಿರುವವು. ನಿಕೋಲ ಮ್ಯಾಕ್ನಿಕೋಲ ಎಂಬ ಮಿಶನರಿ ವಿದ್ವಾಂಸರು ಕೆಲವನ್ನು ಇಂಗ್ಲಿಷಿಗೆ ತಿರುಗಿಸಿದ್ದರಿಂದ ಪಶ್ಚಿಮ ದೇಶದ ಸಭೆಗಳೂ ನಮ್ಮ ನಾಡಿನ ಬ್ರಾಹ್ಮಣಕವಿಯ ಪದಗಳನ್ನು ಹಾಡುವಂತಾಯಿತು.

1917ರಲ್ಲಿ ಟಿಳಕರು ಮಿಶನ್ನಿನ ಕೆಲಸವನ್ನೂ ಸಂಬಳವನ್ನೂ ಬಿಟ್ಟು ಸಾತಾರೆಯಲ್ಲಿ ದೇವರ ದರಬಾರವೆಂಬ ಸಮೂಹವನ್ನು ಆರಂಭಿಸಿದರು. ದೀಕ್ಷಾಸ್ನಾನ ಹೊಂದಿದವರೂ ಹೊಂದದವರೂ ಕ್ರಿಸ್ತನ ಶಿಷ್ಯರಾಗಿ ಅಲ್ಲಿ ಒಟ್ಟಿಗೆ ಕೂಡಬೇಕೆಂಬದು ಅವರ ಉದ್ದೇಶ. ಕಾಲವು ಅವರಿಗೆ ಅವಕಾಶ ಕೊಡಲಿಲ್ಲ. 1919ರ ಮೇ 9ರಂದು ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ದೇಹವನ್ನಿಟ್ಟರು. ಕ್ರಿಸ್ತಾಯನವೆಂಬ ಮಹಾಕಾವ್ಯದ ಸುಮಾರು ಹತ್ತು ಅಧ್ಯಾಯಗಳು ಮಾತ್ರ ಆಗಿದ್ದವು. ಅಕ್ಷರವರಿಯದೆ ಮನೆಗೆ ಬಂದಿದ್ದ ಆ ಹುಡುಗಿ, ಈಗ ವಿಧವೆ, ಲೇಖಣಿಯನ್ನು ಎತ್ತಿಕೊಂಡು 64 ಅಧ್ಯಾಯಗಳನ್ನು ಬರೆದು ಅದನ್ನು ಪೂರ್ಣಗೊಳಿಸಿದಳು. ಆಕೆಯ ಆತ್ಮಚರಿತ್ರೆಯಾದ ಸ್ಮೃತಿಚಿತ್ರೆಗಳು 1934ರಿಂದ ಪ್ರಕಟವಾಗತೊಡಗಿದವು; 1936ರಲ್ಲಿ ಆಕೆಯೂ ತೀರಿಕೊಂಡರು.

ಟಿಳಕರು ಅಗಲಿ ನೂರು ವರುಷಗಳ ಮೇಲಾಯಿತು. ಆದರೂ ಮದುವೆಯಲ್ಲಿ, ಮರಣದ ಮನೆಯಲ್ಲಿ, ಸಾಯಂಕಾಲದ ಪ್ರಾರ್ಥನೆಯಲ್ಲಿ ಅವರ ಪದಗಳು ಏಳುವವು. ನಾವು ಬಾಲ್ಯದಲ್ಲಿ ವಸತಿಗೃಹದಲ್ಲಿದ್ದಾಗ ದೀಪ ಹಚ್ಚುವ ಹೊತ್ತಿಗೆ ಪೇಟಿ ತಬಲಾಗಳ ಮುಂದೆ ಕುಳಿತು ಅವನ್ನು ಕಲಿತೆವು. ತಂಬಾಕಿನ ಹೊಲದಲ್ಲಿ ದುಡಿದು ಬಂದ ತಾಯಂದಿರು, ಓದಲು ಬಾರದವರು, ನಮಗಿಂತ ಚೆನ್ನಾಗಿ ಅವನ್ನು ಹಾಡುವದನ್ನು ಕೇಳಿ ನಾಚಿದೆವು. ಇಂದು ಯಾವ ಪೇಟಿ ತಬಲಾಗಳನ್ನು ನಾವು ಪವಿತ್ರವೆಂದು ಎಣಿಸುವೆವೋ ಅವೇ ಒಂದು ಕಾಲದಲ್ಲಿ ಆರಾಧನೆಗೆ ಹೊಸಬವಾಗಿದ್ದವೆಂಬದನ್ನು ಆಗ ಯಾರೂ ನಮಗೆ ಹೇಳಿರಲಿಲ್ಲ.

ಇಂಥ ಸಂಗತಿಯು ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. ಅಮೇರಿಕೆಯಲ್ಲಿ 1969ರಲ್ಲಿ ಲ್ಯಾರಿ ನಾರ್ಮನ್ ಎಂಬ ತರುಣನು ತನ್ನ ಕಾಲದ ಯುವಕರು ಮೆಚ್ಚಿದ್ದ ರಾಕ್ ಸಂಗೀತದಲ್ಲಿ ಕ್ರಿಸ್ತನ ವಿಷಯವನ್ನು ಹಾಡಿ ಧ್ವನಿಮುದ್ರಿಕೆಯನ್ನು ಹೊರಡಿಸಿದನು. ಅಲ್ಲಿಯ ಅನೇಕ ಸಭೆಗಳು ಅಸಮಾಧಾನಗೊಂಡವು. ಅವನು 2008ರಲ್ಲಿ ತೀರಿಕೊಂಡನು. ಆದರೆ ಅಂದು ಆ ಹಾಡುಗಳಿಗೆ ಮನಸೋತ ತರುಣರು ತಲೆ ನರೆತ ಮೇಲೆಯೂ ಅವನ್ನು ಪ್ರೀತಿಯಿಂದ ಕೇಳುತ್ತಿರುವರು. ತಾರುಣ್ಯದಲ್ಲಿ ಹೃದಯವನ್ನು ಹೊಕ್ಕ ಭಕ್ತಿಗೀತೆಯು ಮುಪ್ಪಿನವರೆಗೆ ಜೊತೆಗೆ ಬರುವದೆಂಬದಕ್ಕೆ ಇದೂ ಒಂದು ಸಾಕ್ಷಿ.

ಆದರೆ ಹೊಸದಾದದ್ದೆಲ್ಲ ಉಳಿಯುವದೆಂದು ನಾವು ಹೇಳಲಾರೆವು. ಟಿಳಕರ ಹಾಡು ಉಳಿದದ್ದು ತಾಳದ ಬಲದಿಂದಲ್ಲ. ಅವರು ಹಾಡಿದ್ದಕ್ಕೆ ಬೆಲೆ ಕೊಟ್ಟರು. ಮನೆ, ಜಾತಿ, ಸಂಬಳ ಇವೆಲ್ಲವನ್ನೂ ಒಂದೊಂದಾಗಿ ಕೊಟ್ಟರು. ಮತ್ತು ತನ್ನ ಜನರ ಬಾಯಿಗೆ ಬರುವ ಮಾತಿನಲ್ಲಿ, ಅವರ ಕಾಲಿಗೆ ಗೊತ್ತಿರುವ ಲಯದಲ್ಲಿ ಹಾಡಿದರು. ಈ ಎರಡು ಗುಣಗಳು ಇದ್ದಲ್ಲಿ ವಾದ್ಯವು ಯಾವದಾದರೂ ಹಾಡು ಬಾಳುವದು. ಇಲ್ಲದಲ್ಲಿ ಹಳೆಯ ಪೇಟಿಯೂ ಅದನ್ನು ಉಳಿಸಲಾರದು.

ಹೀಗೆ ವಿಚಾರಿಸಿ ನಾವು ಆ ಹುಡುಗಿಯರಿಗೆ ಅಪ್ಪಣೆ ಕೊಟ್ಟೆವು. ಒಂದು ನಿಯಮವನ್ನು ಮಾತ್ರ ಹಾಕಿದೆವು: ಗಿಟಾರಿನ ಹಾಡಿಗೆ ಮೊದಲು ಟಿಳಕರ ಒಂದು ಅಭಂಗವನ್ನು ಪುಸ್ತಕ ನೋಡದೆ ತಾಳದೊಡನೆ ಹಾಡಬೇಕು, ಹೊಸ ಹಾಡಿನ ಪ್ರತಿಯೊಂದು ಪದದ ಅರ್ಥವನ್ನೂ ನಮಗೆ ಕನ್ನಡದಲ್ಲಿ ಹೇಳಬೇಕು. ಅವರು ಒಪ್ಪಿದರು. ಆಕ್ಷೇಪಿಸಿದ ಪಾಲಕರನ್ನು ಮುಂದಿನ ಸಾಲಿನಲ್ಲಿ ಕುಳಿತು ಕೇಳಬೇಕೆಂದು ಬೇಡಿಕೊಂಡಿದ್ದೇವೆ. ಅಭಂಗದ ಪಲ್ಲವಿ ಬಂದಾಗ ಅವರೂ ದನಿಗೂಡಿಸುವರೆಂದು ನಮ್ಮ ನಂಬಿಕೆ. ಯಾಕಂದರೆ ಅದು ಅವರಿಗೆ ತಮ್ಮ ತಾಯಂದಿರಿಂದ ಬಂದದ್ದು.