ಕೊರಡೂರಿನ ಆಶ್ರಮ ಕಟ್ಟಿದ ಮೈಲಾರ ಮಹಾದೇವಪ್ಪ



ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೇರಿಕೊಂಡು ಹೋಗುವ ನಿಮಗೆ ಮೋಟೆಬೆನ್ನೂರು ಗೊತ್ತಿರದ ಊರಲ್ಲ. ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಿನ ಈ ಊರಿನಲ್ಲಿ 1911ರ ಜೂನ್ 8ರಂದು ಮಾರ್ತಾಂಡಪ್ಪ, ಬಸಮ್ಮ ದಂಪತಿಗಳ ಮಗನಾಗಿ ಮೈಲಾರ ಮಹಾದೇವಪ್ಪನವರು ಹುಟ್ಟಿದರು. ಅವರು ಗುಂಡಿಗೆ ಎದೆಯೊಡ್ಡಿದ್ದನ್ನು ನೀವೆಲ್ಲ ಕೇಳಿ ಬಲ್ಲಿರಿ. ಅದಕ್ಕೂ ಮೊದಲು ಹಳ್ಳಿಗರ ನಡುವೆ ಅವರು ಮಾಡಿದ ಸೇವೆಯನ್ನೂ ತಿಳಿಯಬೇಕು.

ಎಳೆಯ ವಯಸ್ಸಿನಲ್ಲಿಯೇ ಖಾದಿಗೆ ಮನಸೋತ ಮಹಾದೇವಪ್ಪನವರು ಸಬರಮತಿ ಆಶ್ರಮ ಸೇರಿದರು. 1930ರ ಮಾರ್ಚ್ 12ರಂದು ಗಾಂಧೀಜಿಯವರು ದಂಡಿಗೆ ಹೊರಟಾಗ ಸಂಗಡ ನಡೆದ 78 ಜನರಲ್ಲಿ ಕರ್ನಾಟಕದವರು ಇವರೊಬ್ಬರೇ. ಆಗ ಅವರಿಗೆ 19 ವರ್ಷ ತುಂಬಿರಲಿಲ್ಲ. ಸುಮಾರು 385 ಕಿಲೋಮೀಟರ್ ನಡಿಗೆ ಅದು. ಮನುಷ್ಯರ ಗಂಜಿಗೂ ಉಪ್ಪು ಬೇಕು, ದನಕರುಗಳಿಗೂ ಉಪ್ಪು ಬೇಕು. ಅದರ ಮೇಲಿನ ಕರ ಬಡ ರೈತನಿಗೆ ಎಷ್ಟು ಭಾರ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಸತ್ಯಾಗ್ರಹಕ್ಕಾಗಿ ಅವರು ಸೆರೆಮನೆ ಕಂಡರು. ಪತ್ನಿ ಸಿದ್ದಮ್ಮನವರೂ ಚಳವಳಿಗೆ ಇಳಿದು ಸೆರೆವಾಸ ಅನುಭವಿಸಿದರು.

ಮರಳಿ ಬಂದ ಮೇಲೆ ಹಾವೇರಿ ತಾಲೂಕಿನ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿದರು. ನೂಲುವುದು, ಖಾದಿ ಪ್ರಚಾರ, ಊರ ನೈರ್ಮಲ್ಯ, ಜನಜಾಗೃತಿ ಇವೇ ಅಲ್ಲಿಯ ಕೆಲಸ. ಇದರ ಲೆಕ್ಕಾಚಾರವನ್ನು ಗಮನಿಸಿರಿ. ಮಳೆ ನಂಬಿದ ನಮ್ಮ ಸೀಮೆಯಲ್ಲಿ ಸುಗ್ಗಿ ಮುಗಿದರೆ ಮುಂಗಾರಿನವರೆಗೆ ಕೈಗೆ ಕೆಲಸ ಕಡಿಮೆ. ಹತ್ತಿಯನ್ನು ಅಗ್ಗಕ್ಕೆ ಮಾರಿ, ಅದೇ ಹತ್ತಿಯ ಬಟ್ಟೆಯನ್ನು ತುಟ್ಟಿಗೆ ಕೊಳ್ಳುವುದು ರೈತನಿಗೆ ಎರಡು ಕಡೆ ನಷ್ಟ. ಮನೆಯಲ್ಲಿ ಚರಕ ತಿರುಗಿದರೆ ಬಿಡುವಿನ ಹೊತ್ತು ದುಡಿಮೆಯಾಗುತ್ತದೆ, ಬೆಳೆಯ ಬೆಲೆಯಲ್ಲಿ ಒಂದಿಷ್ಟು ಪಾಲು ಊರಲ್ಲೇ ಉಳಿಯುತ್ತದೆ. ಬೆಳೆದದ್ದನ್ನು ಹಸನು ಮಾಡಿ, ಬೇರ್ಪಡಿಸಿ ಮಾರಿರೆಂದು ಇಂದು ಕೃಷಿ ಇಲಾಖೆಯವರು ಹೇಳುವುದರ ಮೂಲವೂ ಇದೇ.

1942ರಲ್ಲಿ ಚಲೇಜಾವ್ ಚಳವಳಿ ಆರಂಭವಾಯಿತು. ಹಳ್ಳಿಯಲ್ಲಿ ಪರಕೀಯ ಆಡಳಿತದ ಬೇರು ಇದ್ದದ್ದು ಚಾವಡಿಯ ದಫ್ತರದಲ್ಲಿ, ಕಂದಾಯದ ವಸೂಲಿಯಲ್ಲಿ. ಮಹಾದೇವಪ್ಪನವರ ತಂಡ ಭೂಗತವಾಗಿದ್ದು ಆ ಬೇರಿಗೇ ಕೈಹಾಕಿತು. ಆದರೆ ಯಾರ ಜೀವವನ್ನೂ ತೆಗೆಯಬಾರದೆಂಬ ಕಟ್ಟುಪಾಡು ತಂಡಕ್ಕಿತ್ತು.

1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಇರಿಸಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಅವರು ಹೋದರು. ಕಾವಲಿನ ಪೊಲೀಸರು ಗುಂಡು ಹಾರಿಸಿದರು. ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಹುತಾತ್ಮರಾದರು. ಮಹಾದೇವಪ್ಪನವರ ವಯಸ್ಸು 31. ಇನ್ನು ನಾಲ್ಕೂವರೆ ವರ್ಷ ಬದುಕಿದ್ದರೆ ಸ್ವಾತಂತ್ರ್ಯವನ್ನು ಕಣ್ಣಾರೆ ಕಾಣುತ್ತಿದ್ದರು.

ಹಾವೇರಿಯ ವೀರಸೌಧ ಈ ಮೂವರ ಸ್ಮಾರಕ. 2018ರಲ್ಲಿ ಅಂಚೆ ಇಲಾಖೆ ಮಹಾದೇವಪ್ಪನವರ ಅಂಚೆಚೀಟಿಯನ್ನೂ ಹೊರಡಿಸಿತು. ಪೇಟೆಗೋ ಕಚೇರಿಗೋ ಹಾವೇರಿಗೆ ಹೋದಾಗ ಮಕ್ಕಳನ್ನು ಕರೆದೊಯ್ದು ಸ್ಮಾರಕ ತೋರಿಸಿರಿ. ಗುಂಡೇಟಿನ ಕಥೆಯ ಜೊತೆಗೆ ಕೊರಡೂರಿನ ಚರಕದ ಕಥೆಯನ್ನೂ ಹೇಳಿರಿ. ಪ್ರಾಣ ಕೊಡುವ ಪ್ರಸಂಗ ಎಲ್ಲರಿಗೂ ಬರುವುದಿಲ್ಲ. ಊರ ಕೆಲಸಕ್ಕೆ ದಿನಕ್ಕೊಂದು ತಾಸು ಕೊಡುವುದು ನಮ್ಮೆಲ್ಲರಿಂದಲೂ ಆಗುವಂಥದು.